ಮಾರಿಯೊ ಇಷ್ಟು ಬೇಗ ಓಡ್ತಿದ್ನಾ?

ಹೋದ ದಸರಾ ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗ ಸ್ವಿಚ್ ಅನ್ನುವ ತನ್ನ ನಿಂಟೆಂಡೊ ಕಂಪನಿಯ ಗೇಮ್ ಯಂತ್ರದಲ್ಲಿ ಹಳೆಯ ಆಟಗಳ ಪಟ್ಟಿ ತೆರೆದು, "ಮಾಮ, ನಿಮ್ಮ ಕಾಲದ್ದು ಇಲ್ಲಿದೆ ನೋಡಿ" ಅಂತ ಕೈಗೆ ಕೊಟ್ಟ. ಸೂಪರ್ ಮಾರಿಯೊ ಬ್ರದರ್ಸ್. 1985ರಲ್ಲಿ ಜಪಾನಿನಲ್ಲಿ ಹುಟ್ಟಿದ ಆಟ. ತಿಪಟೂರಿನ ನಮ್ಮ ಮನೆಗೆ ಅದು ಬಂದಿದ್ದು 1996ರ ಬೇಸಿಗೆಯಲ್ಲಿ. ಆ ರಜೆಯಲ್ಲಿ ಮೊದಲ ಸ್ಟೇಜನ್ನು ಎಷ್ಟು ಸಲ ಆಡಿದ್ದೆವೋ ಲೆಕ್ಕವಿಲ್ಲ. ಸಾಲಾಗಿ ಹಸಿರು ಪೈಪುಗಳು, ಅವು ಮುಗಿದ ಮೇಲೆ ಕಣ್ಣಿಗೆ ಕಾಣದ ಒಂದು ಡಬ್ಬಿ, ಅದರೊಳಗೆ ಹಸಿರು ಅಣಬೆ, ಅದರ ಮುಂದೆಯೇ ಮೊದಲ ಗುಂಡಿ. ಎಲ್ಲಾ ಬಾಯಿಪಾಠ.

ಆ ಮೊದಲ ಗುಂಡಿಗೇ ಬಿದ್ದೆ.

ಇನ್ನೊಂದು ಸಲ ಆಡಿದೆ. ಮತ್ತೆ ಅಲ್ಲೇ ಬಿದ್ದೆ. ನನ್ನ ಹೆಬ್ಬೆರಳು ಒತ್ತುವ ಹೊತ್ತಿಗೆ ಮಾರಿಯೊ ಆಗಲೇ ಅಂಚು ದಾಟಿರುತ್ತಿದ್ದ. ಅಷ್ಟರಲ್ಲಿ ಅಕ್ಕ ಅಡುಗೆಮನೆಯಿಂದ ಬಂದಳು. ನಮ್ಮಿಬ್ಬರಲ್ಲಿ ಚೆನ್ನಾಗಿ ಆಡುತ್ತಿದ್ದವಳು ಅವಳೇ. ಕೈ ಒರೆಸಿಕೊಂಡು ಕಂಟ್ರೋಲರ್ ತಗೊಂಡಳು. ಅವಳೂ ಅದೇ ಗುಂಡಿಗೆ ಬಿದ್ದಳು.

"ಇದೇನೋ ಇದು? ಇವನು ಇಷ್ಟು ಬೇಗ ಓಡ್ತಿದ್ನಾ?" ಅಂದಳು.

ಆ ಮಾತು ನನ್ನ ತಲೆಯಲ್ಲೇ ಉಳಿಯಿತು. ನನ್ನೊಬ್ಬನ ಕೈ ತಪ್ಪಿದ್ದರೆ ವಯಸ್ಸಾಯ್ತು ಅಂದುಕೊಳ್ಳಬಹುದಿತ್ತು. ಇಬ್ಬರ ಕೈಯೂ ಒಂದೇ ಜಾಗದಲ್ಲಿ, ಒಂದೇ ಥರ ತಪ್ಪಿತು. ಊರಿಗೆ ವಾಪಸ್ ಬಂದ ಮೇಲೆ ಕೂತು ಹುಡುಕಿದೆ. ಉತ್ತರ ಸಿಕ್ಕಿತು. ನಮ್ಮ ನೆನಪು ಸರಿಯಾಗೇ ಇತ್ತು. ನಾವು ಆಡಿದ ಮಾರಿಯೊ ನಿಜವಾಗಿಯೂ ನಿಧಾನವಾಗಿ ಓಡುತ್ತಿದ್ದ.

ಆ ಕಾಲದ ಆಟಗಳಿಗೆ ಬೇರೆ ಗಡಿಯಾರ ಇರಲಿಲ್ಲ. ಟಿವಿಯ ಚಿತ್ರವೇ ಗಡಿಯಾರ. ಪರದೆಯ ಮೇಲೆ ಒಂದು ಚಿತ್ರ ಬರೆದು ಮುಗಿದಾಗ ಆಟ ಒಂದು ಹೆಜ್ಜೆ ಮುಂದೆ ಇಡುತ್ತದೆ. ಮಾರಿಯೊ ಸ್ವಲ್ಪ ಸರಿಯುತ್ತಾನೆ, ಆಮೆ ಸ್ವಲ್ಪ ಸರಿಯುತ್ತದೆ, ಹಾಡು ಒಂದು ಚೂರು ಮುಂದೆ ಹೋಗುತ್ತದೆ. ಜಪಾನ್ ಮತ್ತು ಅಮೆರಿಕದ ಟಿವಿ ಪದ್ಧತಿ ಎನ್‌ಟಿಎಸ್‌ಸಿ. ಅಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಬರುತ್ತದೆ. ನಮ್ಮ ದೇಶದ್ದು ಪಾಲ್. ಇಲ್ಲಿ 50 ಸಲ. 60ಕ್ಕೆ ಬರೆದ ಆಟವನ್ನು 50ರ ಯಂತ್ರದಲ್ಲಿ ಓಡಿಸಿದರೆ ಆರರಲ್ಲಿ ಒಂದು ಪಾಲು ವೇಗ ಸೋರಿಹೋಗುತ್ತದೆ.

ಮಾರಿಯೊ ಆಟದ ಮೇಲ್ಗಡೆ ಮೂಲೆಯಲ್ಲಿ ಟೈಮ್ ಅಂತ ಒಂದು ಅಂಕಿ ಇಳಿಯುತ್ತಾ ಇರುತ್ತದೆ, ನೆನಪಿದೆಯಾ? ಮೊದಲ ಸ್ಟೇಜಿನಲ್ಲಿ ಅದು 400ರಿಂದ ಶುರು. ಪ್ರತಿ 24 ಚಿತ್ರಕ್ಕೆ ಒಂದು ಅಂಕಿ ಕಮ್ಮಿಯಾಗುತ್ತದೆ. ಜಪಾನಿನ ಹುಡುಗನಿಗೆ ಆ 400 ಮುಗಿಯಲು 160 ಸೆಕೆಂಡ್. ತಿಪಟೂರಿನ ನಮಗೆ 192 ಸೆಕೆಂಡ್. ಅರ್ಧ ನಿಮಿಷಕ್ಕೂ ಜಾಸ್ತಿ! ಗುಂಡಿಯ ಅಂಚಿನಲ್ಲಿ ಯೋಚಿಸಲು ನಮಗೆ ಸಿಗುತ್ತಿದ್ದ ಹೊತ್ತೇ ಬೇರೆ. ಬೆರಳು ಕಲಿತ ಲೆಕ್ಕವೇ ಬೇರೆ.

ಯುರೋಪಿನಲ್ಲೂ ಟಿವಿ 50ರದ್ದೇ. ಆದರೆ ಅವರಿಗೆ ಮಾರುವಾಗ ನಿಂಟೆಂಡೊ ಮಾರಿಯೊ ಆಟದ ಒಳಗಿನ ವೇಗ, ಸಂಗೀತ ಎರಡನ್ನೂ ತಿದ್ದಿ ಸರಿಮಾಡಿತ್ತು. ನಮಗಾಗಿ ತಿದ್ದುವವರು ಯಾರೂ ಇರಲಿಲ್ಲ. ನಮಗೆ ಬಂದಿದ್ದು ನಿಂಟೆಂಡೊ ಪೆಟ್ಟಿಗೆಯೇ ಅಲ್ಲ. ಫ್ಯಾಮಿಕಾಮ್ ಅನ್ನುವ ನಿಂಟೆಂಡೊದ 1983ರ ಗೇಮ್ ಯಂತ್ರದ ನಕಲು. ಒಳಗೆ ಹೊರದೇಶದ ಚಿಪ್, ಮೇಲೆ ಇಲ್ಲಿನ ಹೆಸರು. ಸಮುರಾಯ್, ಮೀಡಿಯಾ, ಲಿಟಲ್ ಮಾಸ್ಟರ್ ಅಂತ ಒಂದೊಂದು ಮನೆಯಲ್ಲಿ ಒಂದೊಂದು. ನಮ್ಮ ಚಿಕ್ಕಪ್ಪ ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದಿದ್ದಕ್ಕೆ ಹೆಸರೇ ಇರಲಿಲ್ಲ. ಕೆಂಪು ಮತ್ತು ಬಿಳಿ ಪ್ಲಾಸ್ಟಿಕ್ಕು, ಎರಡು ಜಾಯ್‌ಸ್ಟಿಕ್ಕು, ಒಂದು ಬಂದೂಕು.

ಅದರಲ್ಲಿ ಒಂದು ಸೊಗಸಿನ ವಿಷಯ ಇದೆ. ಪಾಲ್ ಟಿವಿಗೆ ಒಗ್ಗಿಸಿದ ಈ ನಕಲು ಚಿಪ್‌ಗಳಲ್ಲಿ ಶಬ್ದ ಹುಟ್ಟಿಸುವ ಭಾಗದ ವೇಗ ಮೂಲದ ಹತ್ತಿರ ಹತ್ತಿರವೇ ಇತ್ತು. ಚಿತ್ರದ ವೇಗ ಮಾತ್ರ 50. ಹಾಗಾಗಿ ಹಾಡಿನ ಶ್ರುತಿ ಇಳಿಯಲಿಲ್ಲ, ಕಾಲಪ್ರಮಾಣ ಮಾತ್ರ ಇಳಿಯಿತು. ಮಾರಿಯೊ ಹಾಡನ್ನು ನಾವು ಕೇಳಿದ್ದೇ ವಿಳಂಬದಲ್ಲಿ. ಅಕ್ಕ ಈಗಲೂ ಅದನ್ನು ಗುನುಗಿದರೆ ಆ ನಿಧಾನದಲ್ಲೇ ಗುನುಗುತ್ತಾಳೆ.

ಇದು ತಿಳಿದ ಮೇಲೆ ಹಳೆಯ ಆಟಗಳನ್ನು ಹೊಸ ಯಂತ್ರಕ್ಕೆ ತರುವ ಕೆಲಸದ ಬಗ್ಗೆ ನನ್ನ ಕಣ್ಣೇ ಬದಲಾಯಿತು. ಅಲ್ಲಿಯವರೆಗೆ ಅದು ಸುಲಭದ ವ್ಯಾಪಾರ ಅಂದುಕೊಂಡಿದ್ದೆ. ಹಳೆಯ ಫೈಲ್ ತಗೊಂಡು ಹೊಸ ಡಬ್ಬಿಗೆ ತುಂಬುವುದು, ಅಷ್ಟೇ ಅಲ್ವಾ? ಮಾರಿಯೊ ಆಟ ಪೂರ್ತಿ ಸೇರಿ 40 ಕಿಲೋಬೈಟ್. ಜಾಗ ಉಳಿಸಲು ಮೋಡ ಮತ್ತು ಪೊದೆಗೆ ಒಂದೇ ಚಿತ್ರ ಬಳಸಿದ್ದಾರೆ. ಬಿಳಿ ಬಣ್ಣ ಕೊಟ್ಟರೆ ಮೋಡ, ಹಸಿರು ಕೊಟ್ಟರೆ ಪೊದೆ. ಇಷ್ಟು ಪುಟ್ಟದನ್ನು ಎಲ್ಲಿ ಇಟ್ಟರೂ ಓಡಬೇಕು. ಓಡುತ್ತದೆ ಕೂಡ. ಆದರೆ ಈ ಹಾರಿ ನೆಗೆಯುವ ಆಟಗಳ ಜೀವ ಇರುವುದು ಗುಂಡಿ ಒತ್ತಿದ ಗಳಿಗೆಗೂ ಕಾಲು ನೆಲ ಬಿಟ್ಟ ಗಳಿಗೆಗೂ ನಡುವೆ. ಮಾರಿಯೊದಲ್ಲಿ ಗುಂಡಿ ಒತ್ತಿ ಹಿಡಿದರೆ ಅವನನ್ನು ಕೆಳಗೆಳೆಯುವ ಬಲ ಕಮ್ಮಿಯಾಗುತ್ತದೆ, ಬಿಟ್ಟರೆ ಜಾಸ್ತಿಯಾಗುತ್ತದೆ. ಓಡುತ್ತಾ ಹಾರಿದರೆ ನಿಂತು ಹಾರಿದ್ದಕ್ಕಿಂತ ಎತ್ತರ. ಇದನ್ನೆಲ್ಲ ನಮಗೆ ಯಾರೂ ಹೇಳಿಕೊಡಲಿಲ್ಲ. ಕೈ ತಾನೇ ಕಲಿಯಿತು. ಆ ಕಲಿಕೆ ಸೆಕೆಂಡಿನ 50ರಲ್ಲಿ ಒಂದು ಪಾಲಿನ ಲೆಕ್ಕದಲ್ಲಿ ಕೂತಿದೆ.

1993ರಲ್ಲಿ ನಿಂಟೆಂಡೊ ತಾನೇ ಮಾರಿಯೊ ಆಟಗಳನ್ನು ಸೂಪರ್ ಮಾರಿಯೊ ಆಲ್-ಸ್ಟಾರ್ಸ್ ಅಂತ ಹೊಸ ಚಿತ್ರ, ಹೊಸ ಸಂಗೀತದ ಜೊತೆ ಮತ್ತೆ ತಂದಿತು. ನೋಡಲು ಬಲು ಚಂದ. ಆದರೆ ಇಟ್ಟಿಗೆ ಒಡೆಯುವುದು ಬದಲಾಗಿತ್ತು. ಮೂಲ ಆಟದಲ್ಲಿ ಮಾರಿಯೊ ತಲೆಯಿಂದ ಇಟ್ಟಿಗೆ ಒಡೆದ ಕೂಡಲೇ ಕೆಳಗೆ ಬೀಳುತ್ತಾನೆ. ಹೊಸದರಲ್ಲಿ ಒಡೆದ ಮೇಲೂ ಮೇಲಕ್ಕೇ ಹೋಗುತ್ತಾನೆ. ನೋಡುವವರಿಗೆ ಇದೇನೂ ಅಲ್ಲ. ಆಡುವವನಿಗೆ ಮನೆಯ ಮೆಟ್ಟಿಲಿನ ಎತ್ತರ ಅರ್ಧ ಇಂಚು ಬದಲಾದ ಹಾಗೆ. ಕತ್ತಲಲ್ಲಿ ಹತ್ತುವಾಗ ಎಡವುತ್ತಾನೆ.

ಈಗಿನ ದೊಡ್ಡ ತೊಂದರೆ ಟಿವಿಯದ್ದು. ಹಳೆಯ ಡಬ್ಬಿ ಟಿವಿಯಲ್ಲಿ ಸಂಕೇತ ಬಂದಂತೆಯೇ ಪರದೆಯ ಮೇಲೆ ಬೀಳುತ್ತಿತ್ತು, ತಡ ಅನ್ನುವುದು ಇಲ್ಲವೇ ಇಲ್ಲ. ಈಗಿನ ಚಪ್ಪಟೆ ಟಿವಿ ಬಂದ ಚಿತ್ರವನ್ನು ಮೊದಲು ತನ್ನೊಳಗೆ ಇಟ್ಟುಕೊಂಡು, ಹಿಗ್ಗಿಸಿ, ನುಣುಪು ಮಾಡಿ, ಆಮೇಲೆ ತೋರಿಸುತ್ತದೆ. ಅದಕ್ಕೆ ಮೂರು ನಾಲ್ಕು ಚಿತ್ರದಷ್ಟು ಹೊತ್ತು ಹಿಡಿದರೂ ಸಾಕು, ಗುಂಡಿಯ ಅಂಚಿನಲ್ಲಿ ಕಥೆ ಮುಗಿಯಿತು. ಹಳೆಯ ಆಟ ಹಾಕಿಕೊಂಡು 'ಮೊದಲಿನ ಹಾಗಿಲ್ಲ' ಅಂತ ಬೇಜಾರಾಗುವವರಿಗೆ ನಾನು ಮೊದಲು ಹೇಳುವುದು ಒಂದೇ ಮಾತು: ಟಿವಿಯ ಸೆಟ್ಟಿಂಗಿಗೆ ಹೋಗಿ ಗೇಮ್ ಮೋಡ್ ಹಾಕಿ. ಅರ್ಧ ಬೇಜಾರು ಅಲ್ಲೇ ಹೋಗುತ್ತದೆ.

ಇದಕ್ಕೆ ಎಮ್ಯುಲೇಟರ್, ಅಂದರೆ ಹೊಸ ಯಂತ್ರವನ್ನು ಹಳೆಯದರ ಹಾಗೆ ನಡೆಸುವ ಸಾಫ್ಟ್‌ವೇರ್, ಬರೆಯುವವರು ಕಂಡುಕೊಂಡ ಒಂದು ಉಪಾಯ ನನಗೆ ತುಂಬಾ ಇಷ್ಟ. ಅದರ ಹೆಸರು ರನ್-ಅಹೆಡ್. ನೀವು ಗುಂಡಿ ಒತ್ತಿದ ಕೂಡಲೇ ಎಮ್ಯುಲೇಟರ್ ಆಟವನ್ನು ಗುಟ್ಟಾಗಿ ಒಂದೆರಡು ಹೆಜ್ಜೆ ಮುಂದೆ ಓಡಿಸಿ ನೋಡುತ್ತದೆ. ಮುಂದೆ ಬರಬೇಕಾದ ಚಿತ್ರವನ್ನು ಈಗಲೇ ತೋರಿಸುತ್ತದೆ. ಆಮೇಲೆ ಹಿಂದಕ್ಕೆ ಬಂದು ಮತ್ತೆ ಅಲ್ಲಿಂದಲೇ ಹೊರಡುತ್ತದೆ. ಇದು ಪ್ರತಿ ಸೆಕೆಂಡಿಗೆ 60 ಸಲ ನಡೆಯುತ್ತಾ ಇರುತ್ತದೆ. ಹೊಸ ಯಂತ್ರದ ಬಲವನ್ನೆಲ್ಲ ಹಳೆಯ ಟಿವಿಯ ಚುರುಕನ್ನು ಮರಳಿ ತರಲು ಸುರಿಯುತ್ತಾರೆ. ಇದಕ್ಕಿಂತ ಪ್ರೀತಿಯ ಕೆಲಸ ಇನ್ನೇನಿದೆ?

ಚಿತ್ರದ ಕಥೆಯೂ ಹೀಗೇ. ಸೇಗಾ ಕಂಪನಿಯ 1991ರ ಸಾನಿಕ್ ಆಟದ ಮೊದಲ ಜಾಗ ಗ್ರೀನ್ ಹಿಲ್‌ನಲ್ಲಿ ಜಲಪಾತಗಳಿವೆ. ಅದರ ಚಿತ್ರವನ್ನು ಹತ್ತಿರದಿಂದ ನೋಡಿದರೆ ನೀರೇ ಇಲ್ಲ. ಒಂದು ಗೆರೆ ಬಣ್ಣ, ಒಂದು ಗೆರೆ ಖಾಲಿ, ಬಾಚಣಿಗೆಯ ಹಲ್ಲಿನ ಹಾಗೆ. ಹಳೆಯ ಟಿವಿಗೆ ಹೋಗುವ ಹಳದಿ ಪಿನ್ನಿನ ವೈರಿನಲ್ಲಿ ಅಕ್ಕಪಕ್ಕದ ಬಣ್ಣಗಳು ಒಂದಕ್ಕೊಂದು ಬೆರೆತುಹೋಗುತ್ತಿದ್ದವು. ಆ ಬೆರೆಕೆಯಲ್ಲಿ ಬಾಚಣಿಗೆ ಕರಗಿ, ಹಿಂದಿನ ಬಂಡೆ ಕಾಣಿಸುವಂಥ ತೆಳು ನೀರಾಗುತ್ತಿತ್ತು. ಚಿತ್ರ ಬರೆದವರು ವೈರಿನ ಕೊರತೆಯನ್ನೇ ಬಣ್ಣವಾಗಿ ಬಳಸಿಕೊಂಡಿದ್ದರು. ಈಗಿನ ಟಿವಿಯಲ್ಲಿ ಅದೇ ಆಟ ಹಾಕಿ, ಒಂದೊಂದು ಚುಕ್ಕೆಯೂ ಸ್ಪಷ್ಟ. ನೀರು ಮಾತ್ರ ಮತ್ತೆ ಬಾಚಣಿಗೆಯೇ. ಹಳೆಯ ಟಿವಿಯ ಹಾಗೆ ಕಾಣಿಸುವ ಫಿಲ್ಟರುಗಳನ್ನು ಕೊಡುವುದು ಸುಮ್ನೆ ಶೋಕಿಗಲ್ಲ. ಆ ಫಿಲ್ಟರ್ ಇಲ್ಲದಿದ್ದರೆ ಚಿತ್ರಕಾರರು ಬರೆದ ಚಿತ್ರ ನಮಗೆ ಕಾಣುವುದೇ ಇಲ್ಲ.

ಕೆಲವರು ಈ ಕೆಲಸವನ್ನು ಎಷ್ಟು ಮನಸ್ಸಿಟ್ಟು ಮಾಡುತ್ತಾರೆ ಅಂದರೆ ಹಳೆಯ ಯಂತ್ರದ ಏದುಸಿರನ್ನೂ ಉಳಿಸುತ್ತಾರೆ. ಫ್ಯಾಮಿಕಾಮ್‌ಗೆ ಒಂದೇ ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಓಡಾಡುವ ಚಿತ್ರದ ತುಂಡುಗಳನ್ನು ತೋರಿಸಲು ಆಗುತ್ತಿರಲಿಲ್ಲ. ಒಂಬತ್ತನೆಯದು ಮಾಯ. ಅದಕ್ಕೇ ಶತ್ರುಗಳು ಗುಂಪಾಗಿ ಬಂದಾಗ ಎಲ್ಲರೂ ಮಿಣುಕುತ್ತಿದ್ದರು. ಅಷ್ಟೂ ಲೆಕ್ಕ ಮಾಡಲು ಯಂತ್ರಕ್ಕೆ ಹೊತ್ತು ಸಾಲದೆ ಆಟ ನಿಧಾನವೂ ಆಗುತ್ತಿತ್ತು. 2015ರಲ್ಲಿ ಡಿಜಿಟಲ್ ಎಕ್ಲಿಪ್ಸ್ ಅನ್ನುವ ಸಂಸ್ಥೆ ಮೆಗಾ ಮ್ಯಾನ್‌ನ ಮೊದಲ ಆರು ಆಟಗಳನ್ನು ಹೊಸ ಯಂತ್ರಗಳಿಗೆ ತಂದಾಗ ಆ ಮಿಣುಕು, ಆ ನಿಧಾನ ಎರಡನ್ನೂ ಹಾಗೇ ಉಳಿಸಿತು. ಅದು ಸರಿಯಾದ ತೀರ್ಮಾನ ಅಂತ ನನ್ನ ಗಟ್ಟಿ ಅಭಿಪ್ರಾಯ. ಗುಂಡುಗಳ ಮಧ್ಯೆ ಆಟ ನಿಧಾನವಾದಾಗ ಸಿಗುತ್ತಿದ್ದ ಆ ಒಂದು ಉಸಿರಿನಲ್ಲೇ ನಾವು ಬದುಕುತ್ತಿದ್ದೆವು.

ಅದೇ ಸಂಸ್ಥೆ 2017ರಲ್ಲಿ ಡಿಸ್ನಿಯ ಆರು ಹಳೆಯ ಆಟಗಳನ್ನು ಒಟ್ಟಿಗೆ ತಂದಿತು. ಡಕ್‌ಟೇಲ್ಸ್, ಚಿಪ್ ಆ್ಯಂಡ್ ಡೇಲ್ ಎಲ್ಲಾ ಅದರಲ್ಲಿದ್ದವು. ಡಕ್‌ಟೇಲ್ಸ್ ನಮಗೆ ಮೊದಲು ಗೊತ್ತಾಗಿದ್ದು ದೂರದರ್ಶನದಲ್ಲಿ, ಹಿಂದಿಯಲ್ಲಿ. ಚಿಪ್ ಆ್ಯಂಡ್ ಡೇಲ್ ಮಾತ್ರ ನಮ್ಮ ಕ್ಯಾಸೆಟ್ಟಿನಲ್ಲೇ ಇತ್ತು. ನಾವು ಕಾರ್ಟ್ರಿಜ್‌ಗೆ ಕ್ಯಾಸೆಟ್ ಅಂತಲೇ ಅನ್ನುತ್ತಿದ್ದೆವು. ಮೇಲೆ 9999 ಅಂತ ಬರೆದಿರುತ್ತಿತ್ತು, ಒಳಗೆ ಹತ್ತು ಹನ್ನೆರಡು ಆಟವೇ ಹೆಸರು ಬದಲಿಸಿಕೊಂಡು ಸುತ್ತುತ್ತಿದ್ದವು. ಅದನ್ನು ಹೊರಗೆ ತೆಗೆದು, ಬಾಯಿಂದ ಜೋರಾಗಿ ಊದಿ, ಒತ್ತಿ ಹಾಕಿದರೆ ಶುರುವಾಗುತ್ತಿತ್ತು. ಚಿಪ್ ಆ್ಯಂಡ್ ಡೇಲ್‌ನಲ್ಲಿ ಇಬ್ಬರು ಒಟ್ಟಿಗೆ ಆಡಬಹುದು. ಜೊತೆಗಾರನನ್ನೇ ಎತ್ತಿ ತಲೆಯ ಮೇಲಿಟ್ಟುಕೊಂಡು ಎಸೆಯಲೂಬಹುದು. ಅಕ್ಕ ನನ್ನನ್ನು ಎಷ್ಟು ಸಲ ಗುಂಡಿಗೆ ಎಸೆದಿದ್ದಾಳೆ! ಅಮ್ಮ ಬಂದು ಸ್ವಿಚ್ ಆರಿಸುವವರೆಗೂ ಜಗಳ. ಆ ಎತ್ತಿ ಎಸೆಯುವುದು ಹೊಸ ಯಂತ್ರದಲ್ಲೂ ಹಾಗೇ ಇದೆ.

ಈ ಸಂಗ್ರಹದಲ್ಲಿ ರಿವೈಂಡ್ ಅಂತ ಒಂದು ಬಟನ್ ಇದೆ. ಬಿದ್ದರೆ ಸಿನಿಮಾ ಹಿಂದಕ್ಕೆ ಓಡಿಸಿದ ಹಾಗೆ ಓಡಿಸಿ, ಬೀಳುವ ಮೊದಲಿನ ಜಾಗದಿಂದ ಆಡಬಹುದು. ಇದು ಆಟವನ್ನು ಹಾಳುಮಾಡುತ್ತದೆ ಅಂತ ನನ್ನ ವಯಸ್ಸಿನವರು ಬೈಯುತ್ತಾರೆ. ನಾನೂ ಮೊದಲು ಬೈಯುತ್ತಿದ್ದೆ. ಆ ದಸರಾ ರಜೆಯಲ್ಲಿ ಅಕ್ಕನ ಮಗ ಅದನ್ನು ಬಳಸುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಒಂದೇ ನೆಗೆತವನ್ನು ಹನ್ನೊಂದು ಸಲ ಹಿಂದಕ್ಕೆ ಓಡಿಸಿದ. ಒಂದು ಸಲ ಬೇಗ, ಒಂದು ಸಲ ತಡ, ಒಂದು ಸಲ ಅರ್ಧ ಒತ್ತಿ. ಹನ್ನೆರಡನೆಯದಕ್ಕೆ ದಾಟಿದ. ನಾವು ಮೂರು ಲೈಫ್ ಕಳೆದುಕೊಂಡು ಮೊದಲಿಂದ ಬಂದು ಕಲಿತದ್ದನ್ನು ಅವನು ಅದೇ ಜಾಗದಲ್ಲಿ ನಿಂತು ಕಲಿತ. ಕಲಿತದ್ದು ಮಾತ್ರ ಅದೇ. ನಮಗೆ ಕರೆಂಟ್ ಹೋದರೆ ಎಲ್ಲಾ ಹೋಗುತ್ತಿತ್ತು. ಆ ಕಷ್ಟವನ್ನು ಅವನೂ ಪಡಲಿ ಅಂತ ಹೇಳಲು ನನಗೆ ಮನಸ್ಸಿಲ್ಲ. ಮೂಲ ಆಟ ಹಾಗೇ ಇರಲಿ, ಪಕ್ಕದಲ್ಲಿ ಈ ಬಟನ್ನೂ ಇರಲಿ.

ನನಗೆ ನಿಜವಾಗಿ ಸಂಕಟ ಆಗುವುದು ಬೇರೆ ಕಡೆ. ಹೊಸದು ಬಂತು ಅಂತ ಹಳೆಯದನ್ನು ಅಂಗಡಿಯಿಂದ ತೆಗೆದುಬಿಡುತ್ತಾರಲ್ಲ, ಅಲ್ಲಿ. 2022ರ ಜೂನ್‌ನಲ್ಲಿ ಸಾನಿಕ್ ಒರಿಜಿನ್ಸ್ ಸಂಗ್ರಹ ಬಂತು. ಅದಕ್ಕೆ ಒಂದು ತಿಂಗಳ ಮೊದಲೇ ಬಿಡಿಬಿಡಿಯಾಗಿ ಸಿಗುತ್ತಿದ್ದ ಹಳೆಯ ಸಾನಿಕ್ ಆಟಗಳಲ್ಲಿ ಹೆಚ್ಚಿನವನ್ನು ಸೇಗಾ ಆನ್‌ಲೈನ್ ಅಂಗಡಿಗಳಿಂದ ಇಳಿಸಿತು. ಮಾರಿಯೊದ ಮೂರು ಆಟಗಳ ಒಂದು ಸಂಗ್ರಹವನ್ನು ನಿಂಟೆಂಡೊ 2020ರ ಸೆಪ್ಟೆಂಬರ್‌ನಲ್ಲಿ ತಂದು, 2021ರ ಮಾರ್ಚ್ 31ಕ್ಕೆ ಮಾರಾಟ ನಿಲ್ಲಿಸಿತು. ಆರು ತಿಂಗಳ ಜಾತ್ರೆ. ನಿಂಟೆಂಡೊದ್ದೇ ವೀ ಯಂತ್ರದ ಆನ್‌ಲೈನ್ ಅಂಗಡಿ 2019ರಲ್ಲಿ ಮುಚ್ಚಿತು, ವೀ ಯು ಮತ್ತು 3ಡಿಎಸ್ ಅಂಗಡಿಗಳು 2023ರಲ್ಲಿ. ಪ್ರತಿ ಸಲವೂ ನೂರಾರು ಹಳೆಯ ಆಟ ಅವುಗಳ ಜೊತೆ ಹೋಯಿತು. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಹಾಕಿ ಹೇಳಿತು: ಆ ದೇಶದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ನೂರಕ್ಕೆ 87 ಆ ಹೊತ್ತಿಗೆ ಮಾರಾಟದಲ್ಲಿರಲಿಲ್ಲ. ಪುಸ್ತಕಗಳ ವಿಷಯದಲ್ಲಿ ಹೀಗೆ ಆಗಿದ್ದರೆ ನಾವು ಸುಮ್ಮನಿರುತ್ತಿದ್ದೆವಾ?

ಉಳಿಯುವುದು ಕೆಲವು ಸಲ ಯಾರದೋ ಮನೆಯ ಪೆಟ್ಟಿಗೆಯಿಂದ. ಪ್ರಿನ್ಸ್ ಆಫ್ ಪರ್ಷಿಯಾ ನಿಮಗೆ ಗೊತ್ತಿರುತ್ತದೆ. ನಮ್ಮ ಹೈಸ್ಕೂಲಿನ ಕಂಪ್ಯೂಟರ್ ರೂಮಿನಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಎಲ್ಲರಿಗೂ ಬೇಕಾಗಿದ್ದು ಅದೇ. ಒಂದು ಗಂಟೆಯೊಳಗೆ ರಾಜಕುಮಾರಿಯನ್ನು ಬಿಡಿಸಬೇಕು. ಜೋರ್ಡನ್ ಮೆಕ್ನರ್ ಅದನ್ನು ಆ್ಯಪಲ್ 2 ಕಂಪ್ಯೂಟರಿಗೆ ಬರೆದು 1989ರಲ್ಲಿ ಹೊರತಂದರು. ರಾಜಕುಮಾರನ ಓಟ ಅಷ್ಟು ಸಹಜವಾಗಿ ಕಾಣುವುದಕ್ಕೆ ಕಾರಣ ಇದೆ. ಅದು ಮೆಕ್ನರ್ ಅವರ ತಮ್ಮನ ಓಟ. ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಒಂದೊಂದು ಚಿತ್ರವನ್ನೂ ನೋಡಿ ಬರೆದುಕೊಂಡರು. ಸಂಗೀತ ಅಪ್ಪನದು. ಆ ಆಟದ ಮೂಲ ಕೋಡ್ ಎಷ್ಟೋ ವರ್ಷ ಕಳೆದುಹೋಗಿತ್ತು. 2012ರಲ್ಲಿ ಅದೇ ಅಪ್ಪನಿಗೆ ಮನೆಯಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು. ಅದರೊಳಗೆ ಹಳೆಯ ಫ್ಲಾಪಿಗಳು. ಇಪ್ಪತ್ತು ವರ್ಷ ದಾಟಿದ ಫ್ಲಾಪಿ ಓದುತ್ತದೆ ಅನ್ನುವ ಖಾತ್ರಿ ಇಲ್ಲ. ಹಳೆಯ ಡಿಸ್ಕ್ ಓದುವುದರಲ್ಲಿ ಪಳಗಿದವರು ಬಂದು, ಜೋಪಾನವಾಗಿ ಒಂದೊಂದನ್ನೇ ಓದಿ ತೆಗೆದರು. ಮೆಕ್ನರ್ ಆ ಕೋಡನ್ನು ಎಲ್ಲರೂ ನೋಡುವ ಹಾಗೆ ಗಿಟ್‌ಹಬ್ ಅನ್ನುವ ಕೋಡ್ ಹಂಚಿಕೊಳ್ಳುವ ತಾಣದಲ್ಲಿ ಇಟ್ಟರು.

ಇವೆಲ್ಲ ಹುಡುಕುತ್ತಾ ಹೋದಾಗ ನನಗೆ ಮತ್ತೆ ಮತ್ತೆ ಕಾಡಿದ ಪ್ರಶ್ನೆ: ನಮ್ಮದನ್ನು ಯಾರು ಉಳಿಸುತ್ತಾರೆ? ಹಳೆಯ ಪ್ಲೇಸ್ಟೇಷನ್ ಆಟಗಳನ್ನು ತುಂಬಿಕೊಂಡು ಪ್ಲೇಸ್ಟೇಷನ್ ಕ್ಲಾಸಿಕ್ ಅಂತ 2018ರಲ್ಲಿ ಒಂದು ಪುಟ್ಟ ಯಂತ್ರ ಬಂದಾಗ ಅದರ 20 ಆಟಗಳಲ್ಲಿ 9 ಆಟ 50ರ ವೇಗದ ಪಾಲ್ ಆವೃತ್ತಿಗಳಾಗಿದ್ದವು. ಅಮೆರಿಕದವರು ತುಂಬಾ ಬೇಜಾರು ಮಾಡಿಕೊಂಡರು. ಅವರ ಕೈಗೆ ಅದು ತಪ್ಪು. ಆ ಬೇಜಾರು ನನಗೆ ಪೂರ್ತಿ ಅರ್ಥವಾಗುತ್ತದೆ. ಯಾಕೆಂದರೆ ಅಕ್ಕನ ಮನೆಯಲ್ಲಿ ನನಗೆ ಆಗಿದ್ದೂ ಅದೇ, ತಿರುಗುಮುರುಗಾಗಿ. ಆದರೆ ಅವರಿಗೆ ಸರಿಯಾದ ವೇಗ ಅಂತ ಒಂದಿದೆ. ಅದಕ್ಕೆ ದಾಖಲೆ ಇದೆ, ಕಂಪನಿ ಇದೆ. ನಾವು ಆಡಿದ್ದು ಮಾತ್ರ ಯಾವ ಕಂಪನಿಯ ಲೆಕ್ಕದಲ್ಲೂ ಇಲ್ಲ. ಅದು ನಕಲು, ಅದರ ಮಾಲೀಕರು ಯಾರೆಂದು ಗೊತ್ತಿಲ್ಲ. ಹಾಗಂತ ನಮ್ಮ ಬಾಲ್ಯ ನಕಲಾಗುತ್ತದೆಯೇ?

ಆಗ ಒಂದು ಎಮ್ಯುಲೇಟರ್‌ನ ಸೆಟ್ಟಿಂಗಿನಲ್ಲಿ ಅದು ಕಣ್ಣಿಗೆ ಬಿತ್ತು. ಯಾವ ದೇಶದ ಯಂತ್ರದ ಹಾಗೆ ಓಡಬೇಕು ಅಂತ ಕೇಳುವ ಜಾಗ. ಎನ್‌ಟಿಎಸ್‌ಸಿ, ಪಾಲ್, ಅದರ ಕೆಳಗೆ ಡೆಂಡಿ. ಡೆಂಡಿ ಅನ್ನುವುದು 1992ರ ಕೊನೆಯಲ್ಲಿ ರಷ್ಯಾದಲ್ಲಿ ಮಾರಾಟಕ್ಕೆ ಬಂದ ಫ್ಯಾಮಿಕಾಮ್ ನಕಲಿನ ಹೆಸರು. ಅಲ್ಲಿನ ಮಕ್ಕಳೂ ನಮ್ಮ ಹಾಗೇ ನಕಲು ಪೆಟ್ಟಿಗೆಯಲ್ಲಿ, 50ರ ವೇಗದಲ್ಲಿ ಬೆಳೆದವರು. ಆ ಚಿಪ್‌ನ ಒಂದೊಂದು ಲೆಕ್ಕವನ್ನೂ ಯಾರೋ ಕೂತು ಅಳೆದು, ನಕಲಿನ ನಡಿಗೆಯನ್ನೂ ತಪ್ಪಿಲ್ಲದೆ ಬರೆದಿಟ್ಟಿದ್ದಾರೆ. ಅಧಿಕೃತವಾಗಿ ಮಾರುವ ಯಾವ ಸಂಗ್ರಹದಲ್ಲೂ ನಾನು ಈ ಆಯ್ಕೆ ಕಂಡಿಲ್ಲ. ಸಂಬಳವಿಲ್ಲದೆ ಮಾಡಿದವರ ಕೆಲಸದಲ್ಲಿ ಇತ್ತು.

ಸಂಕ್ರಾಂತಿಗೆ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಲ್ಯಾಪ್‌ಟಾಪನ್ನು ಟಿವಿಗೆ ಸಿಗಿಸಿ, ಗೇಮ್ ಮೋಡ್ ಹಾಕಿ, ಡೆಂಡಿ ಅಂತ ಆರಿಸಿದೆ. ಅವಳಿಗೆ ಏನೂ ಹೇಳಲಿಲ್ಲ. ಅವಳು ಆ ಕಡೆ ನೆಲದ ಮೇಲೆ ಕೂತು ಅಮ್ಮನ ಜೊತೆ ಅವರೆಕಾಯಿ ಬಿಡಿಸುತ್ತಿದ್ದಳು. ಟಿವಿಗೆ ಬೆನ್ನು. ಹಾಡು ಶುರುವಾಯಿತು. ನಾಲ್ಕೈದು ಸ್ವರ ಆಗಿರಬೇಕು, ಅವಳ ಕೈ ನಿಂತಿತು.

"ಇದು ನಮ್ಮನೇದು ಕಣೋ" ಅಂದಳು.

ಎದ್ದು ಬಂದು ನನ್ನ ಕೈಯಿಂದ ಕಂಟ್ರೋಲರ್ ತಗೊಂಡಳು. ಪೈಪುಗಳನ್ನು ದಾಟಿದಳು. ಕಾಣದ ಡಬ್ಬಿಗೆ ತಲೆ ಕೊಟ್ಟು ಹಸಿರು ಅಣಬೆ ಹೊರಗೆ ಹಾಕಿದಳು. ಅದು ಜಾರಿಕೊಂಡು ಗುಂಡಿಯ ಕಡೆ ಹೊರಟಿತು. ಅವಳು ಅದರ ಹಿಂದೆಯೇ ಓಡಿ, ಅಂಚಿನಲ್ಲಿ ಹಿಡಿದು, ನಿಲ್ಲದೆ ಹಾರಿದಳು.